ಗಡಿ ದಾಟಿ ಸ್ಕೂಲಿಗೆ ಹೋಗೋ ಹುಡುಗನ ಹೊಟ್ಟೆನೋವು

ಹುಡುಗನಿಗೆ ಹತ್ತು ವರ್ಷ, ಮನೆ ಒಂದು ದೇಶದಲ್ಲಿ, ಸ್ಕೂಲು ಪಕ್ಕದ ದೇಶದಲ್ಲಿ, ದಿನಾ ಚೆಕ್‌ಪೋಸ್ಟ್ ದಾಟ್ಬೇಕು (ಗುರುತು ಸಿಗಬಾರದು ಅಂತ ಹೆಸರು, ಊರು ಎಲ್ಲಾ ಬಿಟ್ಟಿದೀನಿ). ಸ್ಕೂಲಿರೋ ಕಡೆ ಚುನಾವಣೆ ಆಗಿ ಹೊಸ ಸರ್ಕಾರ ಬಂತು, ಹೊರಗಿನೋರಿಗೆ ಬಿಗಿ ಮಾಡ್ತೀವಿ ಅನ್ನೋ ಭಾಷಣ ದಿನಾ ಟಿವಿಲಿ, ಚೆಕಿಂಗ್ ಕ್ಯೂನೂ ಉದ್ದ ಆಯ್ತು. ಆಗಿಂದ ಸ್ಕೂಲಿದ್ದ ದಿನ ಬೆಳಿಗ್ಗೆ ಹೊಟ್ಟೆನೋವು, ರಜೆ ದಿನ ಏನೂ ಇಲ್ಲ. ಡಾಕ್ಟರ್ ನೋಡಿ ಹೊಟ್ಟೆಲೇನೂ ತೊಂದ್ರೆ ಇಲ್ಲ ಅಂದ್ಮೇಲೆ ಕೌನ್ಸೆಲಿಂಗ್‌ಗೆ ಅಂತ ನನ್ನತ್ರ ಬಂದ್ರು.

ಕ್ಯೂನಲ್ಲಿ ಗಡಿ ದಾಟೋ ಪಾಸ್ ಇರೋ ಪೌಚಿನ ಜಿಪ್ ತೆಗೆದು ನೋಡ್ತಾನಂತೆ, ಹಾಕ್ತಾನಂತೆ, ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ತೆಗೀತಾನಂತೆ. ಅಮ್ಮ ಮನೆಮಾತಲ್ಲಿ ಏನಾದ್ರೂ ಕೇಳಿದ್ರೆ "ಇಲ್ಲಿ ಬೇಡ, ಸುಮ್ನಿರಮ್ಮ" ಅಂತಾನೆ. ನಂಗೆ ಹೊಟ್ಟೆನೋವಿಗಿಂತ ಇದೇ ಜಾಸ್ತಿ ಸಂಕಟ ಆಯ್ತು, ತನ್ನ ಮಾತನ್ನ ಬಚ್ಚಿಡ್ಬೇಕು ಅಂತ ಅವನಿಗ್ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಅಪ್ಪ ಮಾತ್ರ "ಏನೂ ಆಗಲ್ಲ ಬಿಡೋ" ಅಂತಿದ್ರು. ದಯವಿಟ್ಟು ಹಾಗನ್ಬೇಡಿ ಅಂದೆ. ಗಡಿ ಮುಚ್ಚೋದುಂಟು, 1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಸರ್ಕಾರ ಪಕ್ಕದಲ್ಲೇ ಇರೋ ಬ್ರಿಟನ್ನಿನ ಜಿಬ್ರಾಲ್ಟರ್ ಗಡಿ ಮುಚ್ಚಿದ್ದು, ನಡ್ಕೊಂಡು ದಾಟೋರಿಗೆ ಮತ್ತೆ ತೆರೆದಿದ್ದೇ 1982ರಲ್ಲಿ. ಚೀನಾದ ಶೆನ್‌ಜೆನ್ ನಗರದಿಂದ ಪಕ್ಕದ ಹಾಂಗ್‌ಕಾಂಗ್ ಸ್ಕೂಲುಗಳಿಗೆ ಬರ್ತಿದ್ದ ಮಕ್ಕಳು 2020ರಿಂದ ಹೆಚ್ಚುಕಮ್ಮಿ ಮೂರು ವರ್ಷ ಮನೇಲೇ ಆನ್‌ಲೈನ್ ಪಾಠ ಕೇಳಿದ್ರು, ಅಲ್ಲಿ ಕಾರಣ ಕೋವಿಡ್, ಆದ್ರೆ ಮಗುಗೆ ಕಾರಣ ಯಾವುದಾದ್ರೇನು. ಸುಳ್ಳು ಭರವಸೆ ಕೊಟ್ರೆ ಆಮೇಲೆ ಅವನು ನಿಮ್ಮನ್ನ ಏನೂ ಕೇಳಲ್ಲ.

ಹುಡುಗ ನನ್ನತ್ರ ಒಬ್ಬನೇ ಇದ್ದಾಗ ಕೇಳ್ದ, "ನಾನು ಕ್ಲಾಸಲ್ಲಿದ್ದಾಗ ಗೇಟ್ ಹಾಕಿದ್ರೆ ರಾತ್ರಿ ಎಲ್ಲಿ ಮಲಗ್ಲಿ ಮೇಡಂ?" ಮನೇಲಿ ಯಾರೂ ಇದನ್ನ ಯೋಚ್ನೆ ಮಾಡಿರ್ಲಿಲ್ಲ. ಹಾಗಾಗಿ ಮೊದ್ಲ ಸಲಹೆ ಅದೇ: ಕ್ಲಾಸ್ ಟೀಚರ್ ಹತ್ರ ಮಾತಾಡಿ, ಆ ಕಡೆ ಇರೋ ಸಹಪಾಠಿ ಮನೆಯೋರನ್ನ ಒಪ್ಪಿಸಿ, ಯಾರ ಮನೇಲಿರ್ಬೇಕು, ಯಾರಿಗೆ ಫೋನ್ ಮಾಡ್ಬೇಕು ಅನ್ನೋದನ್ನ ಅವನ ಕೈಲೇ ಬರೆಸಿ ಆ ಪೌಚಲ್ಲೇ ಇಡಿ. ಊಟದ ಹೊತ್ತಲ್ಲಿ ನ್ಯೂಸ್ ಬೇಡ, ಆದ್ರೆ ಅವನಾಗೇ ಕೇಳಿದ್ರೆ ನಿಜ ಹೇಳಿ. ಅಧಿಕಾರಿ ಪ್ರಶ್ನೆ ಕೇಳೋದನ್ನ ಮನೇಲಿ ಆಟದ ತರ ಆಡಿ, ಅವನೇ ಅಧಿಕಾರಿ ಆಗ್ಲಿ. ಕ್ಯೂನಲ್ಲಿ ಅಮ್ಮ ಮನೆಮಾತು ಬಿಡೋದು ಬೇಡ, ಮೆಲ್ಲಗೆ ಮಾತಾಡ್ಲಿ, ಉತ್ತರ ಕೊಡ್ಲೇಬೇಕು ಅಂತ ಬಲವಂತ ಬೇಡ. ಹೊಟ್ಟೆನೋವು ಅಂತ ಸ್ಕೂಲ್ ಮಾತ್ರ ತಪ್ಪಿಸ್ಬೇಡಿ, ತಪ್ಪಿಸಿದಷ್ಟೂ ಭಯ ಬೆಳೆಯುತ್ತೆ.

ಈಗ ನೋವು ಕಮ್ಮಿಯಾಗಿದೆ, ಹೊಸ ರೂಲ್ಸ್ ಸುದ್ದಿ ಬಂದಾಗ ತಿರುಗಿ ಬರುತ್ತೆ. ನಿದ್ದೆ ಕೆಟ್ರೆ, ಊಟ ಬಿಟ್ರೆ, ಹಾಸಿಗೆ ಒದ್ದೆ ಮಾಡೋಕೆ ಶುರುವಾದ್ರೆ ಕಾಯದೆ ಮಕ್ಕಳ ಮನೋವೈದ್ಯರಿಗೆ ತೋರ್ಸಿ ಅಂತ ಹೇಳಿದೀನಿ.