ಮಾಂಟ್ಗೊಮೆರಿಯನ್ನು ದ್ರೋಹಿ ಎನ್ನಬಹುದೇ?

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ನಮ್ಮ ಲೇಖನ ಓದಿ ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಐರ್ಲೆಂಡಿನಲ್ಲಿ ಹುಟ್ಟಿದ ಜನರಲ್ ರಿಚರ್ಡ್ ಮಾಂಟ್ಗೊಮೆರಿ ಹದಿನಾರು ವರ್ಷ ಬ್ರಿಟಿಷ್ ರಾಜನ ಉಪ್ಪು ತಿಂದವನು. ಆಮೇಲೆ ಅದೇ ರಾಜನ ಮೇಲೆ ತಿರುಗಿಬಿದ್ದ. ಹಿಮಗಾಳಿಯಲ್ಲಿ ಕ್ವಿಬೆಕ್ ಮೇಲೆ ನುಗ್ಗಿ ಸುಮ್ನೆ ಪ್ರಾಣ ಕಳೆದುಕೊಂಡ. ಇದು ದ್ರೋಹವೂ ಹೌದು, ದುಡುಕೂ ಹೌದು ಅಲ್ವಾ? ಅಲಬಾಮಾದ ಮಾಂಟ್ಗೊಮೆರಿ ನಗರಕ್ಕೂ ಇವನಿಗೂ ಸಂಬಂಧವಿದೆಯೇ?"

ದುಡುಕಿನ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. 1775ರ ನವೆಂಬರ್‌ನಲ್ಲಿ ಅಮೆರಿಕನ್ನರ ಸೇನೆಯೊಂದಿಗೆ ಹೋಗಿ, ಬ್ರಿಟಿಷರ ಕೈಯಲ್ಲಿದ್ದ ಕೆನಡಾದ ಮಾಂಟ್ರಿಯಲ್ ಹಿಡಿದ ಮನುಷ್ಯ ಆತ. ಅದಕ್ಕೂ ಮೊದಲು ಸೇಂಟ್ ಜಾನ್ಸ್ ಕೋಟೆಯ ಮುಂದೆ ಸುಮಾರು ಒಂದೂವರೆ ತಿಂಗಳು ತಾಳ್ಮೆಯಿಂದ ಮುತ್ತಿಗೆ ಹಾಕಿ ಕೂತಿದ್ದ. ಕ್ವಿಬೆಕ್‌ನಲ್ಲಿ ಹಾಗೆ ಕೂರುವ ಅವಕಾಶವೇ ಇರಲಿಲ್ಲ. ಇದ್ದ ಫಿರಂಗಿಗಳು ಚಿಕ್ಕವು, ಕೋಟೆಗೋಡೆಗೆ ಏನೂ ಆಗಲಿಲ್ಲ. ನೆಲ ಹೆಪ್ಪುಗಟ್ಟಿ ಕಂದಕ ತೋಡಲು ಆಗದೆ, ಹಿಮಕ್ಕೆ ನೀರು ಸುರಿದು ಅಡ್ಡಗೋಡೆ ಕಟ್ಟಿದರು. ಪಾಳೆಯದಲ್ಲಿ ಸಿಡುಬು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟೋ ಸೈನಿಕರ ಕರಾರು ವರ್ಷದ ಕೊನೆಗೇ ಮುಗಿಯುತ್ತಿತ್ತು. ಜನವರಿ ಒಂದಕ್ಕೆ ಅವರು ಊರಿಗೆ ಹೊರಟರೆ ತಡೆಯುವಂತಿರಲಿಲ್ಲ. ವಸಂತದಲ್ಲಿ ನದಿಯ ಮಂಜು ಕರಗಿದರೆ ಬ್ರಿಟಿಷ್ ಹಡಗುಗಳು ಬರುತ್ತವೆ. ಹಾಗಾಗಿಯೇ ಡಿಸೆಂಬರ್ 31ರ ಬೆಳಗಿನ ಜಾವ ದಾಳಿ ನಡೆಯಿತು. ಇನ್ನೊಬ್ಬರನ್ನು ಮುಂದೆ ತಳ್ಳದೆ ತಾನೇ ಮುಂದೆ ನಡೆದ. ಫಿರಂಗಿ ಗುಂಡಿಗೆ ಅಲ್ಲೇ ಬಿದ್ದ. ವಯಸ್ಸು 37. ಊರಿನ ಇನ್ನೊಂದು ಬದಿಯಿಂದ ನುಗ್ಗಿದ ಜೊತೆಯ ಸೇನಾನಿ ಬೆನೆಡಿಕ್ಟ್ ಆರ್ನಾಲ್ಡ್‌ನ ಕಾಲಿಗೆ ಗಾಯವಾಯಿತು, ದಾಳಿ ಸೋತಿತು. ಆ ತಿಂಗಳ ಆರಂಭದಲ್ಲೇ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಮಾಂಟ್ಗೊಮೆರಿಯನ್ನು ಮೇಜರ್ ಜನರಲ್ ಮಾಡಿತ್ತು. ಆ ಸುದ್ದಿ ಆತನಿಗೆ ಮುಟ್ಟಲೇ ಇಲ್ಲ.

ಇನ್ನು ಉಪ್ಪಿನ ಋಣ. ಡಬ್ಲಿನ್ ಹತ್ತಿರದ ಸ್ವೋರ್ಡ್ಸ್‌ನಲ್ಲಿ 1738ರಲ್ಲಿ ಹುಟ್ಟಿದ ಮಾಂಟ್ಗೊಮೆರಿ, ಕೆನಡಾದ ಲೂಯಿಸ್‌ಬರ್ಗ್‌ನಿಂದ ಕ್ಯೂಬಾದ ಹವಾನಾವರೆಗೆ ಆ ರಾಜನಿಗಾಗಿ ಜೀವ ಪಣಕ್ಕಿಟ್ಟು ಹೋರಾಡಿದ್ದ. ಕ್ಯಾಪ್ಟನ್ ಹುದ್ದೆಯಿಂದ ಮೇಲೆ ಬಡ್ತಿ ಸಿಗಲಿಲ್ಲ. 1772ರಲ್ಲಿ ಆಗಿನ ಪದ್ಧತಿಯಂತೆ ಸೇನಾ ಹುದ್ದೆಯನ್ನು ಮಾರಿ ನ್ಯೂಯಾರ್ಕ್‌ಗೆ ಬಂದು ಜಮೀನು ಕೊಂಡ, ಜಾನೆಟ್ ಲಿವಿಂಗ್‌ಸ್ಟನ್‌ಳನ್ನು ಮದುವೆಯಾದ. ಬೇಸಾಯ ಮಾಡಿಕೊಂಡು ಇರಬೇಕೆಂದಿದ್ದವನನ್ನು 1775ರಲ್ಲಿ ಅಲ್ಲಿನ ಜನ ನ್ಯೂಯಾರ್ಕ್ ಪ್ರಾಂತ್ಯದ ಸಭೆಗೆ ತಮ್ಮ ಪ್ರತಿನಿಧಿಯಾಗಿ ಆರಿಸಿದರು. ಮುಂದಿನ ತಿಂಗಳೇ ಅಮೆರಿಕನ್ನರ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಹುದ್ದೆ ಬಂತು. ತಾನು ಬದುಕು ಕಟ್ಟಿಕೊಂಡ ನೆಲದ ಜನ ಕರೆದಾಗ ಎದ್ದು ಹೊರಟದ್ದನ್ನು ದ್ರೋಹ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನೀವು ಕೇಳಿದ ಪ್ರಶ್ನೆ ಆಗಲೇ ಬ್ರಿಟಿಷ್ ಸಂಸತ್ತಿನಲ್ಲೂ ಎದ್ದಿತ್ತು. ಅಲ್ಲಿ ಮಾಂಟ್ಗೊಮೆರಿಯನ್ನು ಹೊಗಳಿದವರಿದ್ದರು. ಪ್ರಧಾನಿ ಲಾರ್ಡ್ ನಾರ್ತ್, ಆತ ಧೀರ, ಸಮರ್ಥ, ಉದಾರಿ ಎಂದು ಒಪ್ಪಿಕೊಂಡೇ, ಆದರೂ ದಂಗೆಕೋರ ತಾನೇ ಅಂದ. ದಂಗೆಕೋರ ಅಂದಮಾತ್ರಕ್ಕೆ ಅದು ಕಳಂಕವಲ್ಲ ಎಂದು ವಿರೋಧ ಪಕ್ಷದ ಚಾರ್ಲ್ಸ್ ಫಾಕ್ಸ್ ತಿರುಗಿ ಹೇಳಿದ. ನಾನು ಫಾಕ್ಸ್ ಕಡೆ. ಕ್ವಿಬೆಕ್‌ನ ಗವರ್ನರ್ ಕಾರ್ಲ್‌ಟನ್ ಕೂಡ ಶತ್ರುವಿನ ಹೆಣವನ್ನು ಗೌರವದಿಂದಲೇ ಮಣ್ಣು ಮಾಡಿಸಿದ. 1818ರಲ್ಲಿ ಆ ಅವಶೇಷಗಳನ್ನು ನ್ಯೂಯಾರ್ಕ್‌ನ ಸೇಂಟ್ ಪಾಲ್ಸ್ ಚಾಪೆಲ್‌ಗೆ ತಂದರು. ಹಡ್ಸನ್ ನದಿಯಲ್ಲಿ ಅವನ್ನು ಹೊತ್ತ ಹಡಗು ಹೋಗುವುದನ್ನು ಮರುಮದುವೆಯಾಗದೆ ಉಳಿದ ಜಾನೆಟ್ ಮನೆಯಿಂದಲೇ ನೋಡಿದಳು.

ಹೌದು, ಅಲಬಾಮಾದ ಆ ನಗರಕ್ಕೆ 1819ರಲ್ಲಿ ಇಟ್ಟದ್ದು ಈತನ ಹೆಸರನ್ನೇ. 1955ರಲ್ಲಿ ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡದೆ ಕೂತದ್ದು ಅದೇ ಊರಿನಲ್ಲಿ.

— ಸಂಪಾದಕ