ಎಂಜಿನಿಯರಿಗೂ ವಕೀಲರಿಗೂ ಒಂದೇ ಹೋಟೆಲ್ ಸಾಕಾ?

ಹುಬ್ಬಳ್ಳಿಯಲ್ಲಿ ಕೂತು ಕಂಪನಿಗಳಿಗೆ ರೂಮು ಹಿಡಿದುಕೊಡುವ ಕೆಲಸ ಶುರುಮಾಡಿ ನನಗೆ 19 ವರ್ಷವಾಯಿತು. ಧಾರವಾಡ, ಗದಗ, ಹಾವೇರಿ, ರಾಣೆಬೆನ್ನೂರು, ಎಲ್ಲ ಕಡೆ ಹಿಡಿದುಕೊಟ್ಟಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಮಾತು ಬೇರೆ ಬೇರೆ, ಅಷ್ಟೇ. ಹೋದ ವರ್ಷವೂ ಇದೇ ಕೇಳಿದ್ದಿರಿ. ಹಾಗಾಗಿ ಇವತ್ತು ಅದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಚುಟುಕಾಗಿ ಹೇಳುತ್ತೇನೆ.

ಪ್ರಶ್ನೆ: ನಮ್ಮದು ಯಂತ್ರಗಳನ್ನು ಮಾರುವ ಕಂಪನಿ. ಸರ್ವಿಸ್ ಎಂಜಿನಿಯರ್, ಸೇಲ್ಸ್‌ನವರು, ಆಡಿಟರ್, ವಕೀಲರು, ಯಾರೇ ಹುಬ್ಬಳ್ಳಿ-ಧಾರವಾಡಕ್ಕೆ ಬಂದರೂ ಸ್ಟೇಷನ್ ಹತ್ತಿರದ ಒಂದೇ ಹೋಟೆಲಿನಲ್ಲಿ ಇಳಿಸುತ್ತೇವೆ. ಹೋಟೆಲ್ ಚೆನ್ನಾಗಿದೆ. ಆದರೂ ಎಂಜಿನಿಯರುಗಳದ್ದು ಪ್ರತಿ ಸಲ ತಕರಾರು. ಒಳ್ಳೆಯ ಹೋಟೆಲ್ ಅಂದಮೇಲೆ ಎಲ್ಲರಿಗೂ ಒಳ್ಳೆಯದೇ ಅಲ್ವಾ? ಇವರದು ಸುಮ್ನೆ ಹಟ ಅನಿಸುತ್ತದೆ. (ಅಡ್ಮಿನ್ ವಿಭಾಗದವರು, ಬೆಂಗಳೂರು)

ಉತ್ತರ: ಹಟ ಅಲ್ಲ. ನಿಮ್ಮ ಎಂಜಿನಿಯರ್ ಮಲಗುವ ಹೊತ್ತು ಯಾವುದು ಅಂತ ನೀವು ಒಂದು ಸಲವಾದರೂ ಕೇಳಿದ್ದೀರಾ?

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಯಂತ್ರ ಕೆಟ್ಟಿದೆ ಅಂದುಕೊಳ್ಳಿ. ಹಗಲು ಉತ್ಪಾದನೆಯ ಲೈನ್ ಓಡುತ್ತಿರುವಾಗ ಅದನ್ನು ಬಿಚ್ಚೋಕೆ ಯಾರು ಬಿಡುತ್ತಾರೆ? ಲೈನ್ ನಿಂತ ಮೇಲೆಯೇ ಕೆಲಸ. ಅಂದರೆ ರಾತ್ರಿ, ಇಲ್ಲವೇ ಭಾನುವಾರ. ಆ ಮನುಷ್ಯ ಬೆಳಗಿನವರೆಗೆ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿಕೊಂಡು ನಿಂತು, ಏಳು ಗಂಟೆಗೆ ರೂಮಿಗೆ ಬರುತ್ತಾನೆ. ಒಂಬತ್ತಕ್ಕೆ ರೂಮ್ ಬಾಯ್ ಬಾಗಿಲು ಬಡಿಯುತ್ತಾನೆ. ಹತ್ತಕ್ಕೆ ನಾಷ್ಟಾ ಮುಗಿಯಿತು. ಹನ್ನೊಂದೂವರೆಗೆ ರಿಸೆಪ್ಷನ್‌ನಿಂದ ಫೋನು, ‘ಸರ್, ಹನ್ನೆರಡಕ್ಕೆ ಚೆಕ್‌ಔಟ್.’ ಅವನಿಗೆ ಆದ ನಿದ್ದೆ ಎರಡು ತಾಸು, ಅದೂ ತುಂಡು ತುಂಡು. ಆಮೇಲೆ ಅವನೇ ಕಾರು ಹತ್ತಿ ಗಬ್ಬೂರು-ನರೇಂದ್ರ ಬೈಪಾಸ್ ಹಿಡಿಯುತ್ತಾನೆ. ಆ ರಸ್ತೆಯಲ್ಲಿ ಎಷ್ಟು ಅಪಘಾತ ಆಗಿವೆ ಅಂತ ನಮ್ಮ ಊರಿನವರನ್ನು ಕೇಳಿ. ನನಗೆ ಸಿಟ್ಟು ಬರುವುದು ಇಲ್ಲೇ. ಇದು ಮೆತ್ತನೆ ಹಾಸಿಗೆಯ ತಕರಾರಲ್ಲ, ಜೀವದ ಮಾತು.

ಅವನಿಗೆ ಬೇಕಾದ್ದು ದೊಡ್ಡ ಹೋಟೆಲ್ ಅಲ್ಲ. ಕಾರ್ಖಾನೆಗೆ ಹತ್ತಿರ ಇರಬೇಕು. ರೂಮು ರಸ್ತೆ ಕಡೆಗೆ ಇರಬಾರದು. ಹಗಲಿನಲ್ಲೂ ಕತ್ತಲಾಗುವಂಥ ದಪ್ಪ ಪರದೆ ಬೇಕು. ಬೆಳಗ್ಗೆ ಏಳಕ್ಕೂ ಬಿಸಿನೀರು ಬರಬೇಕು. ಸೋಲಾರ್ ಮಾತ್ರ ಇದ್ದರೆ ಅಷ್ಟೊತ್ತಿಗೆ ಉಳಿದವರು ಖಾಲಿ ಮಾಡಿರುತ್ತಾರೆ, ಗೀಸರ್ ಇದೆಯಾ ಕೇಳಿ. ಮುಖ್ಯವಾಗಿ 24 ತಾಸಿನ ಲೆಕ್ಕ ಇರುವ ಲಾಡ್ಜ್ ಹಿಡಿಯಿರಿ. ಬಂದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನ. ನಮ್ಮ ಕಡೆ ಇಂಥವು ಇನ್ನೂ ಸಾಕಷ್ಟಿವೆ. ಹೊರಗಿನಿಂದ ಸಾಧಾರಣ ಕಾಣುತ್ತವೆ ಅಂತ ನೀವು ಪಟ್ಟಿಯಿಂದ ತೆಗೆದುಹಾಕಿರುತ್ತೀರಿ.

ಅದೇ ಲಾಡ್ಜಿಗೆ ನಿಮ್ಮ ವಕೀಲರನ್ನು ಕಳಿಸಬೇಡಿ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವವರ ಹಗಲು ಕೋರ್ಟಿನಲ್ಲಿ ಕಳೆಯುತ್ತದೆ, ನಿಜವಾದ ಕೆಲಸ ರಾತ್ರಿ ರೂಮಿನಲ್ಲಿ. ಮರುದಿನದ ಕಾಸ್ ಲಿಸ್ಟ್, ಅಂದರೆ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ, ನೋಡಿಕೊಂಡು ಫೈಲ್ ಬಿಚ್ಚಿ ಕೂರುತ್ತಾರೆ. ಅವರಿಗೆ ಅಗಲವಾದ ಮೇಜು ಬೇಕು, ಕಣ್ಣಿಗೆ ಬೆಳಕು ಬೇಕು, ಕಕ್ಷಿದಾರ ಬಂದರೆ ಕೂರಿಸೋಕೆ ಇನ್ನೆರಡು ಕುರ್ಚಿ ಬೇಕು. ಹಾಸಿಗೆ ಮೇಲೆ ಕಾಗದ ಹರಡಿಕೊಂಡು ಕೇಸು ತಯಾರು ಮಾಡೋಕೆ ಆಗುತ್ತಾ? ಹುಬ್ಬಳ್ಳಿ ಸ್ಟೇಷನ್ ಹತ್ತಿರ ಇಳಿಸಿದರೆ ಇನ್ನೊಂದು ತೊಂದರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಧಾರವಾಡದವರೆಗೆ ಆರಾಮಾಗಿ ಬಿಡುತ್ತದೆ. ಆದರೆ ಕೋರ್ಟ್ ಇರುವುದು ಊರು ದಾಟಿ ಬೇಲೂರು ಕಡೆ. ಅಲ್ಲಿಂದ ಮುಂದೆ ಮತ್ತೆ ಆಟೋ ಹುಡುಕಬೇಕು. ಕಾರವಾರದಿಂದಲೋ ಬಳ್ಳಾರಿಯಿಂದಲೋ ಬಂದವರನ್ನು ಬೆಳಗ್ಗೆ ಹಾಗೆ ಓಡಾಡಿಸಬೇಡಿ. ಧಾರವಾಡದಲ್ಲೇ ಇಳಿಸಿ.

ಔಷಧ ಕಂಪನಿಯವರ ಕತೆ ಬೇರೆ. ಮೆಡಿಕಲ್ ರೆಪ್ ಡಾಕ್ಟರನ್ನು ಕಾಣುವುದು ಕೊನೆಯ ರೋಗಿ ಹೋದ ಮೇಲೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರಾತ್ರಿ ಹತ್ತಕ್ಕೂ ಬ್ಯಾಗ್ ಹಿಡಿದುಕೊಂಡು ನಿಂತಿರುತ್ತಾರೆ. ಅವರು ರೂಮಿಗೆ ಬರುವಾಗ ಅಡುಗೆಮನೆ ತೊಳೆದು ಮುಚ್ಚಿರುತ್ತಾರೆ, ಖಾನಾವಳಿಯ ಕೊನೆಯ ರೊಟ್ಟಿಯೂ ಖಾಲಿ. ತಡರಾತ್ರಿ ಊಟ ಸಿಗುವ ಜಾಗ ಹತ್ತಿರ ಇದೆಯಾ ಅನ್ನುವುದು ಅವರಿಗೆ ಹವಾನಿಯಂತ್ರಣಕ್ಕಿಂತ ದೊಡ್ಡದು.

ಇಲ್ಲಿ ನಾನೇ ಎಡವಿದ ಒಂದು ವಿಷಯ ಹೇಳಬೇಕು. ಒಬ್ಬರು ಲಸಿಕೆಯ ಪೆಟ್ಟಿಗೆ ತಂದಿದ್ದರು. ಅದು 2ರಿಂದ 8 ಡಿಗ್ರಿಯೊಳಗೇ ಇರಬೇಕು. ರೂಮಿನಲ್ಲಿ ಫ್ರಿಜ್ ಇದೆಯಾ ಅಂತ ಕೇಳಿದ್ದೆ, ಇದೆ ಅಂದಿದ್ದರು. ಬೆಳಗ್ಗೆ ಅವರು ಬಾಗಿಲ ಪಕ್ಕದ ಸ್ಲಾಟಿನಿಂದ ಕೀ ಕಾರ್ಡ್ ತೆಗೆದುಕೊಂಡು ಹೊರಟರು. ಕಾರ್ಡ್ ತೆಗೆದ ಕೂಡಲೇ ರೂಮಿನ ಕರೆಂಟ್ ಹೋಗುತ್ತದೆ, ಫ್ರಿಜ್ಜಿನದೂ ಹೋಗುತ್ತದೆ. ಏಪ್ರಿಲ್ ತಿಂಗಳು. ಸಂಜೆ ಬಂದು ಬಾಗಿಲು ತೆಗೆದರೆ ಫ್ರಿಜ್ಜಿನ ಕೆಳಗೆ ನೀರು ಹರಿದಿತ್ತು, ಪೆಟ್ಟಿಗೆ ಬೆಚ್ಚಗಿತ್ತು. ಅಷ್ಟೂ ಎಸೆಯಬೇಕಾಯಿತು. ಅವತ್ತಿನಿಂದ ನಾನು ಕೇಳುವ ಪ್ರಶ್ನೆಯೇ ಬೇರೆ: ‘ಕಾರ್ಡ್ ತೆಗೆದಮೇಲೂ ಫ್ರಿಜ್ ಓಡುತ್ತಾ?’

ಇನ್ನು ಬ್ಯಾಡಗಿ. ಮೆಣಸಿನಕಾಯಿ ಖರೀದಿಗೆ ಬರುವವರಿಗೆ ಹುಬ್ಬಳ್ಳಿಯ ರೂಮು ಎಷ್ಟೇ ಚೆಂದ ಇದ್ದರೂ ಉಪಯೋಗವಿಲ್ಲ. ಸೋಮವಾರ, ಗುರುವಾರ ವಹಿವಾಟು. ಬೆಳಗ್ಗೆ ಬೇಗ ಹೋಗಿ ಚೀಲ ಚೀಲಕ್ಕೂ ಕೈ ಹಾಕಿ ನೋಡಬೇಕು, ಟೆಂಡರ್ ಹಾಕಬೇಕು, ತೂಕ ಮುಗಿಯುವಾಗ ಕತ್ತಲಾಗಿರುತ್ತದೆ. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಇಳಿಸಿ. ಸುಗ್ಗಿಯಲ್ಲಿ ಭಾನುವಾರ ಮತ್ತು ಬುಧವಾರ ರಾತ್ರಿಯ ರೂಮನ್ನು ಮುಂಚೆಯೇ ಹೇಳಿಡಿ. ನನ್ನ ಹಳೆಯ ಗಿರಾಕಿಯೊಬ್ಬರು ಪೂರ್ವಕ್ಕೆ ಕಿಟಕಿ ಇಲ್ಲದ ರೂಮು ಬೇಡವೇ ಬೇಡ ಅನ್ನುತ್ತಿದ್ದರು. ಯಾಕೆ ಅಂತ ಒಂದು ದಿನ ಹೋಗಿ ನೋಡಿದೆ. ಬಿಳಿ ಪಂಚೆ ಹಾಸಿ, ಸ್ಯಾಂಪಲ್ ಸುರುವಿ, ಬೆಳಗಿನ ಬೆಳಕಿನಲ್ಲಿ ಒಂದೊಂದೇ ಕಾಯಿ ತಿರುವಿ ಬಣ್ಣ ನೋಡುತ್ತಿದ್ದರು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಹಳದಿ ಬಲ್ಬಿನ ಕೆಳಗೆ ಅದು ತಿಳಿಯುವುದಿಲ್ಲ. ಹೌದು, ರೂಮಿಗೆಲ್ಲ ಘಾಟು ಹಿಡಿಯುತ್ತದೆ. ಅದನ್ನು ಮುಚ್ಚಿಡಬೇಡಿ, ಮ್ಯಾನೇಜರಿಗೆ ಮೊದಲೇ ಹೇಳಿ. ಮೂಲೆಯ ರೂಮು ಕೊಡುತ್ತಾರೆ.

ಗದಗಿನ ಗಾಳಿಯಂತ್ರದ ಹುಡುಗರ ಬಗ್ಗೆಯೂ ಒಂದು ಮಾತು. ಹಗಲೆಲ್ಲ 80 ಮೀಟರ್ ಎತ್ತರದ ಕಂಬ ಹತ್ತಿ ಇಳಿದು ಬಂದವರಿಗೆ ಲಿಫ್ಟ್ ಇಲ್ಲದ ಲಾಡ್ಜಿನ ಮೂರನೇ ಮಹಡಿ ಕೊಡುತ್ತೀರಲ್ಲ, ನ್ಯಾಯವಾ? ಗ್ರೀಸ್ ಕೈ ಒರೆಸಿದ್ದಕ್ಕೆ ಬಿಳಿ ಟವೆಲ್ಲಿನ ದಂಡ ಬೇರೆ. ತಿಂಗಳುಗಟ್ಟಲೆ ಕೆಲಸ ಇದ್ದರೆ ಹೋಟೆಲ್ ಬಿಡಿ. ನೀರು ಚೆನ್ನಾಗಿರುವ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಬಟ್ಟೆ ಒಗೆಯೋಕೆ ಕಲ್ಲು, ಗಾಡಿ ನಿಲ್ಲಿಸೋಕೆ ಜಾಗ, ಬೆಳಗ್ಗೆ ಆರಕ್ಕೆ ಡಬ್ಬಿ ಕಟ್ಟಿಕೊಡುವ ಒಬ್ಬ ಅಡುಗೆಯವರು. ಇಷ್ಟಾದರೆ ಅವರು ಮನೆ ಬಿಟ್ಟು ಬಂದ ದುಃಖ ಅರ್ಧ ಮರೆಯುತ್ತಾರೆ.

ವಿದೇಶದ ಎಂಜಿನಿಯರ್ ಬರುವುದಿದ್ದರೆ ವಿದೇಶಿಯರು ಇಳಿದ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವ ಫಾರ್ಮ್ (ಮೊದಲು ಇದನ್ನು ಫಾರ್ಮ್ ಸಿ ಅನ್ನುತ್ತಿದ್ದರು) ತುಂಬುವ ಹೋಟೆಲನ್ನೇ ನೋಡಿ. ಬಂದ 24 ತಾಸಿನೊಳಗೆ ಹೋಟೆಲಿನವರು ಅದನ್ನು ಆನ್‌ಲೈನಿನಲ್ಲಿ ಕಳಿಸಬೇಕು. ಆ ವ್ಯವಸ್ಥೆ ಇಲ್ಲದ ಸಣ್ಣ ಲಾಡ್ಜುಗಳು ನಡುರಾತ್ರಿ ಬಾಗಿಲಲ್ಲೇ ವಾಪಸ್ ಕಳಿಸುತ್ತವೆ.

ದಯವಿಟ್ಟು ಒಂದು ಕೆಲಸ ಮಾಡಿ. ಬುಕ್ ಮಾಡುವ ಮುಂಚೆ ಹೋಗುವವರಿಗೇ ಫೋನ್ ಮಾಡಿ. ಎಷ್ಟೊತ್ತಿಗೆ ಮಲಗುತ್ತೀರಿ, ಜೊತೆಗೆ ಏನು ತರುತ್ತೀರಿ, ಬೆಳಗ್ಗೆ ಎಲ್ಲಿಗೆ ಹೋಗಬೇಕು ಅಂತ ಕೇಳಿ. ಎರಡು ನಿಮಿಷದ ಕೆಲಸ.

ಪ್ರಶ್ನೆ: ಆ್ಯಪಿನಲ್ಲಿ ನಾಲ್ಕೂವರೆ ಸ್ಟಾರ್ ಇದೆ. ಫೋರ್ ಸ್ಟಾರ್ ಹೋಟೆಲ್ ಅಂತ ಕಂಪನಿಗೆ ಬರೆದುಕೊಡಬಹುದಾ? (ರಾಣೆಬೆನ್ನೂರು)

ಉತ್ತರ: ಬರೆಯಬೇಡಿ. ಅದು ಉಳಿದುಹೋದವರು ಕೊಟ್ಟ ಅಂಕ. ಹೋಟೆಲಿಗೆ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ, ಅದೂ ಹೋಟೆಲಿನವರು ಅರ್ಜಿ ಹಾಕಿದರೆ ಮಾತ್ರ.

ಪ್ರಶ್ನೆ: ನಮ್ಮ ಕಂಪನಿ ಪುಣೆಯದು, ಜಿಎಸ್‌ಟಿ ನೋಂದಣಿಯೂ ಅಲ್ಲಿಯದೇ. ಹುಬ್ಬಳ್ಳಿ ಹೋಟೆಲ್ ಬಿಲ್ಲಿನ ಜಿಎಸ್‌ಟಿ ವಾಪಸ್ ಸಿಗುತ್ತದಾ? ಒಬ್ಬ ಏಜೆಂಟ್ ‘ಐಜಿಎಸ್‌ಟಿ (ರಾಜ್ಯ-ರಾಜ್ಯದ ನಡುವಿನ ವ್ಯವಹಾರದ ತೆರಿಗೆ) ಬಿಲ್ ಮಾಡಿಸಿಕೊಡ್ತೀನಿ’ ಅನ್ನುತ್ತಾನೆ.

ಉತ್ತರ: ಸಿಗುವುದಿಲ್ಲ. ಹೋಟೆಲ್ ಯಾವ ರಾಜ್ಯದಲ್ಲಿ ನಿಂತಿದೆಯೋ ತೆರಿಗೆ ಆ ರಾಜ್ಯದ್ದು. ಬಿಲ್ಲಿನಲ್ಲಿ ಕರ್ನಾಟಕದ ಪಾಲಾದ ಎಸ್‌ಜಿಎಸ್‌ಟಿ, ಜೊತೆಗೆ ಕೇಂದ್ರದ ಪಾಲಾದ ಸಿಜಿಎಸ್‌ಟಿ ಬರುತ್ತದೆ. ಮಹಾರಾಷ್ಟ್ರದ ನೋಂದಣಿಗೆ ಅದರ ಲಾಭ ಬರುವುದಿಲ್ಲ. ಆ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ, ದೂರ ಇಡಿ. ದರವೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇಕಡಾ 5. ಇನ್ನೂ 12 ಹಾಕಿದ ಬಿಲ್ ಕೊಟ್ಟರೆ ಅಲ್ಲೇ ನಿಂತು ಸರಿಮಾಡಿಸಿಕೊಳ್ಳಿ.

ಪ್ರಶ್ನೆ: ಆಗ್ನೇಯ ದಿಕ್ಕಿನ ರೂಮಿನಲ್ಲಿ ಇಳಿದರೆ ಆರ್ಡರ್ ಸಿಗುವುದಿಲ್ಲ ಅಂತ ಒಬ್ಬರು ಹೇಳಿದ್ದಾರೆ. (ಗದಗ-ಬೆಟಗೇರಿ)

ಉತ್ತರ: ಹಾಗೆ ಹೇಳಿದವರಿಗೆ ಎಷ್ಟು ದುಡ್ಡು ಕೊಟ್ಟಿರಿ? ಇನ್ನು ಮುಂದೆ ಕೊಡಬೇಡಿ.

ಪ್ರಶ್ನೆ: ನಾನು ಬ್ಯಾಂಕ್ ಆಡಿಟ್ ಕೆಲಸಕ್ಕೆ ಒಬ್ಬಳೇ ಹಾವೇರಿ, ಗದಗ ತಿರುಗುತ್ತೇನೆ. ರೂಮು ಹೇಗೆ ಆರಿಸಲಿ?

ಉತ್ತರ: ತಂಗಿ, ನಾನು ಸ್ವಲ್ಪ ಹೆದರಿಕೆಯವಳು, ಹಾಗಾಗಿ ನನ್ನ ಮಾತು ಬಿಗಿ ಅನಿಸಬಹುದು. ಕತ್ತಲಾಗುವ ಮುಂಚೆ ಊರು ಮುಟ್ಟು. ಕೆಲವು ಲಾಡ್ಜಿನವರು ಒಬ್ಬಳೇ ಹೆಣ್ಣುಮಗಳಿಗೆ ರೂಮಿಲ್ಲ ಅಂತ ಬಾಗಿಲಲ್ಲಿ ಹೇಳುತ್ತಾರೆ. ತಪ್ಪು ಅವರದು, ಆದರೆ ರಾತ್ರಿ ಬೀದಿಯಲ್ಲಿ ನಿಲ್ಲುವವಳು ನೀನು. ಅದಕ್ಕೇ ಮೊದಲೇ ಫೋನ್ ಮಾಡಿ ಕೇಳಿಕೋ. ನೆಲಮಹಡಿ ಬೇಡ. ಒಳಗಿನ ಚಿಲಕ ಗಟ್ಟಿ ಇದೆಯಾ ನೋಡಿದ ಮೇಲೆಯೇ ಬ್ಯಾಗ್ ಇಳಿಸು. ರಿಸೆಪ್ಷನ್‌ನವರು ನಿನ್ನ ರೂಮ್ ನಂಬರನ್ನು ನಾಲ್ಕು ಜನರ ಎದುರು ಕೂಗಿ ಹೇಳಿದರೆ ಬೇರೆ ರೂಮು ಕೇಳು, ಸಂಕೋಚ ಪಡಬೇಡ. ಬ್ರಾಂಚಿನ ಹೆಣ್ಣುಮಕ್ಕಳನ್ನು ವಿಚಾರಿಸು. ಯಾವ ಲಾಡ್ಜ್ ಸರಿ ಅಂತ ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಮ್ಯಾಪಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಮುಂಗಡ ಕಳಿಸಿದೆ. ಹೋಟೆಲಿಗೆ ಹೋದರೆ ಬುಕಿಂಗೇ ಇಲ್ಲ ಅಂದರು. (ಧಾರವಾಡ)

ಉತ್ತರ: ಅದು ಹೋಟೆಲಿನ ನಂಬರ್ ಅಲ್ಲ. ಹೋಟೆಲಿನ ಹೆಸರಿನಲ್ಲಿ ಕಳ್ಳರು ತಮ್ಮ ನಂಬರ್ ಹಾಕಿರುತ್ತಾರೆ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ದುಡ್ಡು ಅವರ ಖಾತೆಯಿಂದ ಇನ್ನೂ ಹೊರಗೆ ಹೋಗಿರದಿದ್ದರೆ ತಡೆಹಿಡಿಯಬಹುದು. ಈ ಪತ್ರ ಬರೆಯುವ ಮುಂಚೆಯೇ ಮಾಡಬೇಕಿತ್ತು, ಈಗಲಾದರೂ ಮಾಡಿ.