ಹಳೇ ಸರ್ವರ್ ಜೊತೆ ಕ್ಲೌಡ್ ಹೋಲಿಸಬೇಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಾಲಿನವು: "ಸರ್, ಕ್ಲೌಡ್‌ಗೆ ಹೋದರೆ ಎಷ್ಟಾಗುತ್ತೆ?" ಅಂದರೆ ಆಫೀಸಿನ ಸರ್ವರ್ ಬಿಟ್ಟು, ದೊಡ್ಡ ಕಂಪನಿಯ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ತಗೊಂಡರೆ. ಎಷ್ಟು ಸರ್ವರ್ ಇವೆ, ಅದರಲ್ಲಿ ಏನು ಓಡುತ್ತದೆ, ಎಷ್ಟು ಜನ ಬಳಸುತ್ತಾರೆ, ಒಂದೂ ಇಲ್ಲ. ಸೈಟ್ ಎಲ್ಲಿದೆ ಅಂತ ಹೇಳದೆ ಮನೆ ಕಟ್ಟೋಕೆ ಎಷ್ಟಾಗುತ್ತೆ ಎಂದು ಮೇಸ್ತ್ರಿಯನ್ನು ಕೇಳಿದ ಹಾಗೆ. ಅವನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಹುಬ್ಬಳ್ಳಿಯ ಒಬ್ಬರು ಮಾತ್ರ ಕೂತು ಲೆಕ್ಕ ಬರೆದು ಕಳಿಸಿದ್ದಾರೆ. ಲೆಕ್ಕ ತಪ್ಪು. ಆದರೂ ಬರೆದಿದ್ದಾರಲ್ಲ, ಆದ್ದರಿಂದ ಇವತ್ತಿನ ಜಾಗ ಹೆಚ್ಚುಕಡಿಮೆ ಅವರದೇ. ಮೊದಲು ಚಿಲ್ಲರೆ ಪ್ರಶ್ನೆ ಮುಗಿಸಿಬಿಡೋಣ.

ಪ್ರಶ್ನೆ: ಅಮೆಜಾನ್‌ನ ಎಡಬ್ಲ್ಯುಎಸ್, ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್, ಇವುಗಳಲ್ಲಿ ಯಾವುದು ಅಗ್ಗ?

ಉತ್ತರ: ನಿಮ್ಮ ಆಫೀಸಿನ ಹುಡುಗರಿಗೆ ಯಾವುದು ಬರುತ್ತದೋ ಅದು.

ಪ್ರಶ್ನೆ: ಉಚಿತವಾಗಿ ಸಿಗುವ ಫ್ರೀ ಟಿಯರ್‌ನಲ್ಲೇ ನಮ್ಮ ಕಾಲೇಜಿನ ಅಡ್ಮಿಷನ್ ಸಾಫ್ಟ್‌ವೇರ್ ನಡೆಸಬಹುದಾ?

ಉತ್ತರ: ಬೇಡ. ಅದು ಕಲಿಯೋಕೆ ಇರುವುದು. ಬಜೆಟ್ ಅಲರ್ಟ್ ಹಾಕಿದ್ದೇವೆ ಅಂತಲೂ ಬರೆದಿದ್ದೀರಿ. ಅಲರ್ಟ್ ಈಮೇಲ್ ಕಳಿಸುತ್ತದೆ, ಮೀಟರ್ ನಿಲ್ಲಿಸುವುದಿಲ್ಲ.

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಆಟೋ ಬಿಡಿಭಾಗಗಳ ಹೋಲ್‌ಸೇಲ್ ವ್ಯಾಪಾರ. 4 ಸರ್ವರ್, 60 ಜನ ಬಳಸುತ್ತಾರೆ. ಬಿಲ್ಲಿಂಗ್ ಎಲ್ಲ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಮೇಲೆ. 2019ರಲ್ಲಿ 9 ಲಕ್ಷ ಕೊಟ್ಟು ತಂದ ಮಷಿನ್‌ಗಳು. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 15 ಸಾವಿರ. ಕ್ಲೌಡ್‌ಗೆ ಒಬ್ಬ ವೆಂಡರ್ ತಿಂಗಳಿಗೆ 38 ಸಾವಿರ, ಇನ್ನೊಬ್ಬರು 1.10 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ಎಡಬ್ಲ್ಯುಎಸ್ ಕ್ಯಾಲ್ಕುಲೇಟರ್‌ನಲ್ಲಿ ನಾನೇ ಹಾಕಿ ನೋಡಿದರೆ 72 ಸಾವಿರ ಬಂತು. ಯಾವುದು ನಿಜ? ತೀರಾ ಕಡಿಮೆಯದ್ದೂ ನಮ್ಮ ಈಗಿನ ಖರ್ಚಿನ ಎರಡೂವರೆ ಪಟ್ಟು. ಮತ್ತೆ ಕ್ಲೌಡ್ ಅಗ್ಗ ಅಂತ ಎಲ್ಲರೂ ಯಾಕೆ ಹೇಳುತ್ತಾರೆ?

ಉತ್ತರ: ಎಲ್ಲರೂ ಹೇಳುವುದಿಲ್ಲ. ಮಾರುವವರು ಹೇಳುತ್ತಾರೆ. ಮೂರು ಅಂಕಿಗಳೂ ತಮ್ಮ ತಮ್ಮ ಮಟ್ಟಿಗೆ ನಿಜವೇ, ಮೂರೂ ಬೇರೆ ಬೇರೆ ಸಾಮಾನಿನ ಬೆಲೆ ಅಷ್ಟೇ. ನಿಜವಾಗಿ ತಪ್ಪಿರುವುದು ನಿಮ್ಮ 15 ಸಾವಿರ.

ಹೆಸ್ಕಾಂ ಬಿಲ್ ತೆಗೆಯಿರಿ. ಒಂದು ಸರ್ವರ್ ಸರಾಸರಿ 350 ವಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕಕ್ಕೆ 1.4 ಕಿಲೋವಾಟ್. ತಿಂಗಳಿಗೆ 730 ಗಂಟೆ. 1,000 ಯೂನಿಟ್ ದಾಟಿತು. ಆ ರೂಮಿನ ಎಸಿ ಹಗಲೂ ರಾತ್ರಿ ಓಡಬೇಕು, ಯುಪಿಎಸ್ ತನ್ನ ಪಾಲು ತಿನ್ನುತ್ತದೆ. ಎಲ್ಲ ಸೇರಿ 1,800 ಯೂನಿಟ್. ಯೂನಿಟ್‌ಗೆ 9 ರೂಪಾಯಿ ಹಿಡಿದರೆ 16,200. ಅಂದರೆ ಸರ್ವರ್‌ಗಿಂತ ಕರೆಂಟೇ ಜಾಸ್ತಿ. ಯುಪಿಎಸ್ ಬ್ಯಾಟರಿ ಮೂರು ವರ್ಷಕ್ಕೊಮ್ಮೆ ಬದಲಿಸುತ್ತೀರಿ, 60 ಸಾವಿರ ಅಂದಿದ್ದೀರಿ, ಅದು ತಿಂಗಳಿಗೆ 1,700. ವಾರಂಟಿ ಮುಗಿದ ಮೇಲೆ ಎಎಂಸಿ, ಅಂದರೆ ವಾರ್ಷಿಕ ರಿಪೇರಿ ಒಪ್ಪಂದ, ವರ್ಷಕ್ಕೆ 70 ಸಾವಿರ, ತಿಂಗಳಿಗೆ 5,800. ಕೂಡಿದರೆ 38,700. ನಿಮ್ಮ 15 ಸಾವಿರ ಇಲ್ಲಿಗೆ ಬಂತು ನೋಡಿ.

ಸಿಸ್ಟಮ್ ನೋಡಿಕೊಳ್ಳುವ ಹುಡುಗನ ಸಂಬಳ ಸೇರಿಸಿಲ್ಲ. ಬೇಕಂತಲೇ ಬಿಟ್ಟಿದ್ದೇನೆ. ವೆಂಡರ್ ತನ್ನ ಸ್ಲೈಡ್‌ನಲ್ಲಿ ಅವನ ಪೂರ್ತಿ ಸಂಬಳವನ್ನು ಉಳಿತಾಯ ಅಂತ ತೋರಿಸುತ್ತಾನೆ. ನೀವು ಅವನನ್ನು ಕೆಲಸದಿಂದ ತೆಗೆಯುತ್ತೀರಾ? ಇಲ್ಲ. ಪ್ರಿಂಟರ್ ಕೆಟ್ಟರೆ ಯಾರು ಬರಬೇಕು? ಅವನ ಸಂಬಳ ಎರಡೂ ಕಡೆ ಇರುತ್ತದೆ, ಆದ್ದರಿಂದ ಎರಡೂ ಕಡೆ ಹೊಡೆದುಹಾಕಿ. ಇಂಟರ್ನೆಟ್ ಲೈನ್ ಮಾತ್ರ ಉಲ್ಟಾ. ಕ್ಲೌಡ್‌ಗೆ ಹೋದ ಮೇಲೆ ಎರಡನೇ ಲೈನ್ ಬೇಕೇ ಬೇಕು. ಲೈನ್ ಹೋದರೆ ಬಿಲ್ಲಿಂಗ್ ಪೂರ್ತಿ ನಿಲ್ಲುತ್ತದೆ. ಅದನ್ನು ಕ್ಲೌಡ್ ಕಾಲಂಗೆ ಬರೆಯಿರಿ.

ಈಗ ಕೊಟೇಶನ್. 38 ಸಾವಿರದ ಕಾಗದದ ಎರಡನೇ ಪುಟ ಓದಿದಿರಾ? ನೀವು ಕಳಿಸಿದ ಫೋಟೋದಲ್ಲೇ ಇದೆ, ಸಣ್ಣ ಅಕ್ಷರ. ಮೂರು ವರ್ಷ ಬಳಸುತ್ತೇವೆ ಅಂತ ಮಾತು ಕೊಟ್ಟರೆ ಸಿಗುವ ರಿಸರ್ವ್ಡ್ ದರ, ಪೂರ್ತಿ ಮುಂಗಡ. ಅಂದರೆ 13.68 ಲಕ್ಷ ಇವತ್ತೇ ಕಟ್ಟಿ, ಅದನ್ನು 36ರಿಂದ ಭಾಗಿಸಿ "ತಿಂಗಳಿಗೆ" ಅಂದಿದ್ದಾರೆ. ಅದೂ ಎಡಬ್ಲ್ಯುಎಸ್‌ನ ಟಿ3 ಎಂಬ ಅಗ್ಗದ ಜಾತಿಯ ಮಷಿನ್. ಟಿ3 ಮೀಡಿಯಂನಲ್ಲಿ 2 ವಿಸಿಪಿಯು (ಬಾಡಿಗೆ ಮಷಿನ್‌ಗೆ ಸಿಗುವ ಪ್ರೊಸೆಸರ್ ಪಾಲು) ಅಂತ ಕಾಣುತ್ತದೆ, ಸದಾ ನಿಮಗೆ ಸಿಗುವುದು ಅದರ ಶೇ 20. ಅದರ ಮೇಲೆ ಓಡಿಸಿದರೆ ಮಷಿನ್ ಸುಮ್ಮನಿದ್ದಾಗ ಕೂಡಿಟ್ಟ ಕ್ರೆಡಿಟ್ ಕರಗುತ್ತದೆ, ಕ್ರೆಡಿಟ್ ಮುಗಿದ ಮೇಲೂ ಓಡಿಸುತ್ತಲೇ ಇದ್ದರೆ ಹೆಚ್ಚುವರಿ ಬಿಲ್. ಬ್ಯಾಕಪ್ ಇಲ್ಲ. ಎಸ್‌ಕ್ಯೂಎಲ್ ಲೈಸೆನ್ಸ್ ಇಲ್ಲ. ಜಿಎಸ್‌ಟಿ ಇಲ್ಲ.

1.10 ಲಕ್ಷದವರು ಪ್ರಾಮಾಣಿಕರು, ಆದರೆ ಸೋಮಾರಿಗಳು. ನಿಮ್ಮ ಹಳೇ ಸರ್ವರ್‌ಗಳ ಸ್ಪೆಕ್ ಯಥಾಪ್ರಕಾರ ಇಳಿಸಿಕೊಂಡು, ಅಷ್ಟೇ ಕೋರ್ (ಪ್ರೊಸೆಸರ್‌ನ ಘಟಕ), ಅಷ್ಟೇ ಮೆಮೊರಿ, 24 ಗಂಟೆ ಆನ್‌ಡಿಮಾಂಡ್ ದರ, ಅಂದರೆ ರಿಯಾಯಿತಿಯಿಲ್ಲದ ದರ, ಹಾಕಿದ್ದಾರೆ. ನಿಮ್ಮ 72 ಸಾವಿರದಲ್ಲಿ ರೀಜನ್, ಅಂದರೆ ಮಷಿನ್ ಇರುವ ಜಾಗ, ಅಮೆರಿಕದ್ದೇ ಉಳಿದುಬಿಟ್ಟಿದೆ. ಎಡಬ್ಲ್ಯುಎಸ್‌ಗೆ 2016ರಿಂದ ಮುಂಬೈ, 2022ರಿಂದ ಹೈದರಾಬಾದ್ ಇರುವಾಗ ಅಮೆರಿಕದ ದರ ಯಾಕೆ? ದರ ಬೇರೆ ಬೇರೆ ಇರುತ್ತದೆ. ಜಿಎಸ್‌ಟಿ ಶೇ 18 ಸರ್ವರ್‌ಗೂ ಇದೆ, ಕ್ಲೌಡ್‌ಗೂ ಇದೆ, ನಿಮಗೆ ಎರಡರಲ್ಲೂ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಕಟ್ಟಿದ್ದು ನಿಮ್ಮ ತೆರಿಗೆಯಲ್ಲಿ ಕಳೆಯುತ್ತದೆ. ಎರಡೂ ಕಡೆ ತೆಗೆದೇ ಹೋಲಿಸಿ. ಒಂದು ಸೇರಿಸಿ ಒಂದು ಬಿಟ್ಟು ಹೋಲಿಸುವವರನ್ನು ನೋಡಿ ನೋಡಿ ಸಾಕಾಗಿದೆ.

ಮಾಡಬೇಕಾದ್ದು ಅಳತೆ. ವಿಂಡೋಸ್‌ನಲ್ಲೇ ಪರ್ಫಾರ್ಮೆನ್ಸ್ ಮಾನಿಟರ್ ಇದೆ, ದುಡ್ಡು ಕೊಡಬೇಕಿಲ್ಲ. ಐದು ನಿಮಿಷಕ್ಕೊಮ್ಮೆ ಸಿಪಿಯು, ಮೆಮೊರಿ, ಡಿಸ್ಕ್ ಮೂರನ್ನೂ ಬರೆದುಕೊಳ್ಳಲು ಬಿಡಿ. ಪೂರ್ತಿ ಒಂದು ತಿಂಗಳು. ಒಂದು ವಾರ ಸಾಲದು. ನಿಮ್ಮಂಥ ವ್ಯಾಪಾರದಲ್ಲಿ ಮಷಿನ್‌ಗೆ ನಿಜವಾದ ಕೆಲಸ ಬೀಳುವುದು ತಿಂಗಳ ಕೊನೆಗೆ ಮತ್ತು ಮಾರಾಟದ ಲೆಕ್ಕ ಸಲ್ಲಿಸುವ 11ನೇ ತಾರೀಕಿನ ಜಿಎಸ್‌ಟಿಆರ್-1ರ ಹಿಂದಿನ ರಾತ್ರಿ. ಸರಾಸರಿ ನೋಡಬೇಡಿ. ರಾತ್ರಿಯಿಡೀ ಖಾಲಿ ಕೂತಿದ್ದರ ಸರಾಸರಿ ತಗೊಂಡು ಏನು ಮಾಡ್ತೀರಿ? ಸಿಪಿಯುಗೆ, ನೂರರಲ್ಲಿ 95 ಸಲ ಯಾವ ಅಂಕಿಯ ಒಳಗಿತ್ತು ಎಂದು ನೋಡಿ. ಮೆಮೊರಿಗೆ ಅತಿ ಹೆಚ್ಚು ಮುಟ್ಟಿದ್ದು ನೋಡಿ. 16 ಕೋರ್‌ನ ಸರ್ವರ್ ವರ್ಷಗಟ್ಟಲೆ ಶೇ 12 ದಾಟದೆ ಬಿದ್ದಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಇದು ಯಾಕೆ ಮುಖ್ಯ ಗೊತ್ತಾ? ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್ ಕೋರ್ ಲೆಕ್ಕದ್ದು, ಒಂದು ವರ್ಚುವಲ್ ಮಷಿನ್‌ಗೆ (ದೊಡ್ಡ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ಕನಿಷ್ಠ 4 ಕೋರ್. ಸ್ಟ್ಯಾಂಡರ್ಡ್ ಎಡಿಷನ್ ಅನ್ನು ಗಂಟೆ ಬಾಡಿಗೆಗೆ ತಗೊಂಡರೆ, ಸಾಮಾನ್ಯ 4 ವಿಸಿಪಿಯು ಮಷಿನ್‌ನಲ್ಲಿ ಮಷಿನ್ ಬಾಡಿಗೆಗಿಂತ ಲೈಸೆನ್ಸ್ ಬಾಡಿಗೆಯೇ ಜಾಸ್ತಿ. ಹಳೇ ಸರ್ವರ್‌ನಲ್ಲಿ 16 ಕೋರ್ ಇತ್ತು ಅಂತ ಸುಮ್ನೆ 16 ಹಾಕಿದರೆ ನಾಲ್ಕು ಪಟ್ಟು ಲೈಸೆನ್ಸ್ ಕಟ್ಟುತ್ತೀರಿ, ಖಾಲಿ ಕೂತ ಕೋರ್‌ಗೆ.

ನಿಮ್ಮ ನಾಲ್ಕನೇ ಸರ್ವರ್ ಟೆಸ್ಟಿಂಗ್‌ಗೆ ಅಂದಿದ್ದೀರಿ. ಅದು ದಿನಕ್ಕೆ 10 ಗಂಟೆ, 26 ದಿನ ಓಡಿದರೆ ಸಾಕು. 730 ಗಂಟೆಯ ಬದಲು 260. ಮಷಿನ್ ಬಾಡಿಗೆ ಮೂರನೇ ಒಂದಕ್ಕೆ ಇಳಿಯಿತು. ಡಿಸ್ಕ್ ಬಾಡಿಗೆ ಇಳಿಯಲ್ಲ, ಮಷಿನ್ ಆಫ್ ಆಗಿದ್ದರೂ ಅದು ಓಡುತ್ತಲೇ ಇರುತ್ತದೆ.

ಡೇಟಾ ಹೊರಗೆ ತೆಗೆಯುವ ಖರ್ಚಿನ ಬಗ್ಗೆ ಹೆದರಿಸುವ ವೀಡಿಯೋ ನೋಡಿದ್ದೀರಿ ಅಂತ ಕಾಣುತ್ತದೆ. ಲೆಕ್ಕ ಹಾಕೋಣ. 60 ಜನ, ದಿನಕ್ಕೆ ತಲಾ 200 ಎಂಬಿ, 26 ದಿನ. 312 ಜಿಬಿ. ಮೊದಲ 100 ಜಿಬಿ ಉಚಿತ. ಉಳಿದದ್ದಕ್ಕೆ ಮುಂಬೈನಲ್ಲಿ ಜಿಬಿಗೆ ಸುಮಾರು 11 ಸೆಂಟ್. ಡಾಲರ್ 85 ರೂಪಾಯಿ ಹಿಡಿದರೆ 2 ಸಾವಿರ. ಇದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಾ?

ನಿದ್ದೆ ಕೆಡಬೇಕಾದ್ದು ಬೇರೆ ಕಡೆ. ಒಮ್ಮೆ ಒಂದು ಕಂಪನಿಗೆ ನಾನೇ ಎಸ್ಟಿಮೇಟ್ ಮಾಡಿಕೊಟ್ಟಿದ್ದೆ. ಮಾಲೀಕರು ಹಳೇ ಕಾಲದವರು. ಅವರ ಸರ್ವರ್ ರೂಮಿನಲ್ಲಿ ಪ್ರತಿ ಸರ್ವರ್ ಮೇಲೂ ಆಯುಧ ಪೂಜೆಯ ಕುಂಕುಮ, ಫ್ಯಾನ್‌ನ ಜಾಲರಿಯಲ್ಲಿ ಒಣಗಿದ ಚೆಂಡು ಹೂವಿನ ಎಸಳು. ಬ್ಯಾಕಪ್ ಹಾರ್ಡ್ ಡಿಸ್ಕ್ ಅವರ ಮನೆಯ ಬೀರುವಿನಲ್ಲಿ, ಪಾಸ್‌ಬುಕ್ ಪಕ್ಕ. "ಎಲ್ಲ ನಿಮ್ಮ ಕ್ಲೌಡ್‌ನಲ್ಲೇ ಇರಲಿ, ಒಂದು ಪ್ರತಿ ಮಾತ್ರ ನಮ್ಮ ಕೈಯಲ್ಲಿರಲಿ ಸರ್" ಅಂದರು. ಆಯ್ತು ಅಂದೆ. ಅವರ ಸಿಸ್ಟಮ್ ನೋಡಿಕೊಳ್ಳುವ ಹುಡುಗ ದಿನಾ ರಾತ್ರಿ ಪೂರ್ತಿ 400 ಜಿಬಿಯನ್ನೂ ಆಫೀಸಿಗೆ ಇಳಿಸುವ ಹಾಗೆ ಸ್ಕ್ರಿಪ್ಟ್ ಬರೆದ. 26 ರಾತ್ರಿಗೆ 10 ಟಿಬಿ ದಾಟಿತು. ಬರೀ ಅದಕ್ಕೇ 95 ಸಾವಿರದ ಆಸುಪಾಸು ಬಿಲ್. ಕೇಳದೆ ಬಿಟ್ಟದ್ದು ನನ್ನ ತಪ್ಪು. ಅಂದಿನಿಂದ ಎಸ್ಟಿಮೇಟ್ ಬರೆಯುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ, "ಬ್ಯಾಕಪ್ ಎಲ್ಲಿಡುತ್ತೀರಿ?" ನಿಮ್ಮನ್ನೂ ಕೇಳುತ್ತಿದ್ದೇನೆ. ಬೇಕಿದ್ದರೆ ದಿನಾ ಬದಲಾದಷ್ಟನ್ನು ಮಾತ್ರ ಇಳಿಸಿ, ಪೂರ್ತಿ ಪ್ರತಿ ತಿಂಗಳಿಗೊಮ್ಮೆ.

ಸರಿ, ಇಷ್ಟೆಲ್ಲ ಆದ ಮೇಲೂ ನಿಮ್ಮ ಹೋಲಿಕೆ ತಪ್ಪೇ. ಯಾಕೆಂದರೆ 2019ರ 9 ಲಕ್ಷ ಆಗಲೇ ಹೋದ ದುಡ್ಡು. ಕಂಪನಿ ಕಾಯ್ದೆಯ ಲೆಕ್ಕದಲ್ಲೇ ಸರ್ವರ್ ಆಯುಷ್ಯ 6 ವರ್ಷ. ನಿಮ್ಮವು ಅದನ್ನು ಮುಟ್ಟಿವೆ. ಮುಂದಿನ ಐದು ವರ್ಷ ಅವು ಓಡುವುದಿಲ್ಲ. ಹಾಗಾಗಿ ಈ ಕಡೆ ನಿಲ್ಲಿಸಬೇಕಾದ್ದು ಹಳೇ ಸರ್ವರ್ ಅಲ್ಲ, ನೀವು ಇವತ್ತು ಕೊಳ್ಳಬೇಕಾಗುವ ಹೊಸ ಸರ್ವರ್. ಆ ಕಾಲಂ ನಿಮ್ಮ ಕಾಗದದಲ್ಲೇ ಇಲ್ಲ, ಎರಡೂ ವೆಂಡರ್‌ಗಳ ಕಾಗದದಲ್ಲೂ ಇಲ್ಲ. ಅವರಿಗೆ ಅದು ಬೇಡ.

ನಾನು ತುಂಬಿಸುತ್ತೇನೆ. ಅಳತೆ ಮಾಡಿದರೆ ನಾಲ್ಕರ ಕೆಲಸ ಎರಡು ಹೊಸ ಮಷಿನ್‌ಗೆ ಹಿಡಿಸುತ್ತದೆ, ವರ್ಚುವಲ್ ಮಾಡಿ. 5 ವರ್ಷದ ವಾರಂಟಿ ಸೇರಿ ಎರಡಕ್ಕೆ 10 ಲಕ್ಷ ಹಿಡಿಯಿರಿ. ತಿಂಗಳಿಗೆ 16,700. ಕರೆಂಟು 1,100 ಯೂನಿಟ್, 9,900. ಬ್ಯಾಟರಿ 1,700. ಬ್ಯಾಕಪ್ ಮಾತ್ರ ಕ್ಲೌಡ್‌ನಲ್ಲಿಡಲು 4 ಸಾವಿರ. ಒಟ್ಟು 32 ಸಾವಿರ ಚಿಲ್ಲರೆ. ಸರಿಯಾಗಿ ಅಳೆದು, ಲೈಸೆನ್ಸ್, ಬ್ಯಾಕಪ್, ಎರಡನೇ ಲೈನ್ ಎಲ್ಲ ಸೇರಿಸಿದರೆ ಕ್ಲೌಡ್ ನಿಮಗೆ 55ರಿಂದ 65 ಸಾವಿರದಲ್ಲಿ ನಿಲ್ಲುತ್ತದೆ ಅಂತ ನನ್ನ ಅಂದಾಜು. ಅದರ ಮೇಲೆ ಸಾಗಿಸುವ ಖರ್ಚು. ಎರಡು ಮೂರು ತಿಂಗಳು ಎರಡೂ ಕಡೆ ಓಡಿಸಬೇಕು, ಆಗ ಎರಡೂ ಬಿಲ್ ನಿಮ್ಮದೇ. ಡಾಲರ್ ಬೇರೆ ಇದೆ. ರೂಪಾಯಿಯಲ್ಲಿ ಬಿಲ್ ಬಂದರೂ ಬೆಲೆ ಕಟ್ಟಿರುವುದು ಡಾಲರ್‌ನಲ್ಲಿ. 2016ರಲ್ಲಿ 67ರ ಸುತ್ತ ಇದ್ದದ್ದು 2024ರ ಡಿಸೆಂಬರ್‌ಗೆ 85 ದಾಟಿತು. ಐದು ವರ್ಷದ ಲೆಕ್ಕದಲ್ಲಿ ಇದಕ್ಕೊಂದು ಸಾಲು ಇಡದವನ ಎಸ್ಟಿಮೇಟ್ ನಾನು ಓದುವುದಿಲ್ಲ.

ಹಾಗಾದರೆ ಕ್ಲೌಡ್ ಬೇಡವೇ? ನಿಮ್ಮ ಪತ್ರದ ಕೊನೆಯಲ್ಲಿ ಒಂದು ಮಾತಿದೆ: ಕಳೆದ ಮಳೆಗಾಲದಲ್ಲಿ ಯುಪಿಎಸ್ ಸುಟ್ಟು ಎರಡು ದಿನ ಬಿಲ್ಲಿಂಗ್ ನಿಂತಿತ್ತು. ಆ ಎರಡು ದಿನಕ್ಕೆ ಎಷ್ಟು ಹೋಯಿತು? ನೀವು ಬರೆದಿಲ್ಲ. ಎರಡು ಆಯ್ಕೆಗಳ ನಡುವೆ ಸುಮಾರು 30 ಸಾವಿರ ವ್ಯತ್ಯಾಸ, ವರ್ಷಕ್ಕೆ 3.6 ಲಕ್ಷ. ವರ್ಷಕ್ಕೊಮ್ಮೆ ಎರಡು ದಿನ ನಿಂತರೆ ನಿಮಗೆ ಅದಕ್ಕಿಂತ ಜಾಸ್ತಿ ಪೆಟ್ಟು ಬೀಳುತ್ತದೆ ಎಂದಾದರೆ ಹೋಗಿ. ಇಲ್ಲವಾದರೆ, ನಾನಾಗಿದ್ದರೆ ಎರಡು ಸರ್ವರ್ ತಂದು, ಒಳ್ಳೇ ಯುಪಿಎಸ್ ಹಾಕಿ, ಬ್ಯಾಕಪ್ ಮತ್ತು ಟೆಸ್ಟಿಂಗ್ ಮಷಿನ್ ಮಾತ್ರ ಕ್ಲೌಡ್‌ಗೆ ಕಳಿಸುತ್ತಿದ್ದೆ. ನನ್ನದು ಸ್ವಲ್ಪ ಹೆದರಿಕೆಯ ಸ್ವಭಾವ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಸವಕಳಿ, ತೆರಿಗೆ ವಿಷಯ ನಿಮ್ಮ ಆಡಿಟರನ್ನು ಕೇಳಿ.

ಪ್ರಶ್ನೆ: ಒಬ್ಬ ಕನ್ಸಲ್ಟೆಂಟ್ ಶೇ 40 ಉಳಿತಾಯ ಗ್ಯಾರಂಟಿ ಅಂತಾರೆ. ನಂಬಬಹುದಾ?

ಉತ್ತರ: ನಿಮ್ಮ ಸರ್ವರ್ ನೋಡಿದ್ದಾರಾ? ಇಲ್ಲ ಅಂತ ನೀವೇ ಬರೆದಿದ್ದೀರಿ. ನಾಡಿ ಹಿಡಿಯದೆ ಔಷಧಿ ಕೊಡುವವರು ಸಂತೆಯಲ್ಲಿ ಇರುತ್ತಾರೆ, ಇವರು ಲ್ಯಾಪ್‌ಟಾಪ್ ಹಿಡಿದು ಬಂದಿದ್ದಾರೆ. ಉಳಿಯದಿದ್ದರೆ ವ್ಯತ್ಯಾಸ ನೀವು ಕಟ್ಟಿಕೊಡಿ ಅಂತ ಒಪ್ಪಂದದಲ್ಲಿ ಬರೆಸಿ. ಆಮೇಲೆ ಫೋನ್ ಎತ್ತುತ್ತಾರಾ ನೋಡಿ. ನಿಮ್ಮ ಬಿಲ್ ಮೇಲೆ ಅವರಿಗೆ ಕಮಿಷನ್ ಬರುತ್ತದಾ ಅಂತಲೂ ಕೇಳಿ.

ಪ್ರಶ್ನೆ: ದೊಡ್ಡ ಕಂಪನಿಗಳೇ ಕ್ಲೌಡ್ ಬಿಟ್ಟು ಹೊರಬರುತ್ತಿವೆಯಂತೆ. ನಾವು ತಿಂಗಳಿಗೆ 40 ಸಾವಿರ ಕಟ್ಟುತ್ತೇವೆ. ವಾಪಸ್ ಬರೋಣವೇ?

ಉತ್ತರ: ಅಮೆರಿಕದ ಸಾಫ್ಟ್‌ವೇರ್ ಕಂಪನಿ 37ಸಿಗ್ನಲ್ಸ್ ಕಥೆ ಓದಿದ್ದೀರಿ ಅಂತ ಕಾಣುತ್ತದೆ. 2022ರಲ್ಲಿ ಅವರ ಕ್ಲೌಡ್ ಬಿಲ್ 32 ಲಕ್ಷ ಡಾಲರ್. ರೂಪಾಯಿ ಅಲ್ಲ. ಸುಮಾರು 7 ಲಕ್ಷ ಡಾಲರ್‌ನ ಸರ್ವರ್ ಕೊಂಡು ಬಂದರು. ಫೈಲ್ ಇಡುವ ಸೇವೆ ಕೊಡುವ ಡ್ರಾಪ್‌ಬಾಕ್ಸ್ ತನ್ನದೇ ಸರ್ವರ್‌ಗೆ ಬಂದು ಎರಡು ವರ್ಷದಲ್ಲಿ 7.46 ಕೋಟಿ ಡಾಲರ್ ಉಳಿಸಿತು, 2018ರ ಐಪಿಒ ದಾಖಲೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಇಬ್ಬರ ಹತ್ತಿರವೂ ಸರ್ವರ್ ನೋಡಿಕೊಳ್ಳುವ ಪಳಗಿದ ಜನ ಮೊದಲೇ ಇದ್ದರು. ನಿಮ್ಮಲ್ಲಿ ಯಾರಿದ್ದಾರೆ? ಮೊದಲು ಬಳಸದೆ ಬಿದ್ದಿರುವ ಡಿಸ್ಕ್, ಹಳೇ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಪ್ರತಿ) ಅಳಿಸಿ, ಮುಂದಿನ ತಿಂಗಳ ಬಿಲ್ ನೋಡಿ ಬರೆಯಿರಿ. ಬಿಟ್ಟು ಬರುವುದೇ ಖಚಿತವಾದರೆ, 2024ರಿಂದ ಪೂರ್ತಿ ಖಾಲಿ ಮಾಡಿ ಹೋಗುವವರಿಗೆ ಡೇಟಾ ಹೊರತೆಗೆಯುವ ಶುಲ್ಕವನ್ನು ಮೂರೂ ದೊಡ್ಡವರು ಮನ್ನಾ ಮಾಡುತ್ತಾರೆ. ತಾನಾಗಿ ಆಗಲ್ಲ, ಅರ್ಜಿ ಹಾಕಬೇಕು.

ಪ್ರಶ್ನೆ: ಮೂರು ವರ್ಷದ ಪ್ಲಾನ್ ತಗೊಂಡರೆ ತುಂಬಾ ರಿಯಾಯಿತಿ ಅಂತಾರೆ. ಮೊದಲ ದಿನವೇ ತಗೊಳ್ಳೋಣವೇ?

ಉತ್ತರ: ಮೂರು ತಿಂಗಳು ಓಡಿಸಿ ನೋಡುವವರೆಗೆ ಬೇಡ. ತಪ್ಪು ಅಳತೆಯ ಚಪ್ಪಲಿ ರಿಯಾಯಿತಿಯಲ್ಲಿ ಸಿಕ್ಕರೂ ಕಾಲಿಗೆ ಆಗಲ್ಲ.

ಇನ್ನು ಮುಂದೆ ಕೊಟೇಶನ್ ಫೋಟೋ ಕಳಿಸುವವರು ದಯವಿಟ್ಟು ಎರಡನೇ ಪುಟವನ್ನೂ ಕಳಿಸಿ. ಈ ಸಲ ಹನ್ನೊಂದು ಜನ ಮೊದಲ ಪುಟ ಮಾತ್ರ ಕಳಿಸಿದ್ದೀರಿ.